ಮಲಗಿದವರ ಕಾಲಿಗೆ ಬಿದ್ದದ್ದು

ಆ ದಿನ ಎನ್.ಆರ್.ಪುರದಿಂದ ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮೂರು ಸಲ ಸೀಟು ಬದಲಾಯಿಸಿದೆ. ಮೊದಲು ಕಿಟಕಿ ಪಕ್ಕ ಕೂತೆ, ಗಾಳಿ ಜಾಸ್ತಿ ಅನ್ನಿಸಿತು. ಹಿಂದೆ ಹೋದೆ, ಅಲ್ಲಿ ಕುಲುಕಾಟ. ಮುಂದೆ ಬಂದು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತವನು ಅಲ್ಲಿಂದಲೂ ಎದ್ದು ಬಾಗಿಲ ಕಂಬಿ ಹಿಡಿದು ನಿಂತೆ. ಕಂಡಕ್ಟರ್ ನನ್ನ ಗುರುತಿನವನೇ.

"ಎಂತ ಮಾರಾಯ್ರೇ, ಕೆಲಸ ಬಿಟ್ರೂ ಬಾಗಿಲು ಬಿಡಲ್ವಾ? ಕೂತ್ಕಳ್ಳಿ, ನನ್ನ ಕೆಲಸ ನಾನೇ ಮಾಡ್ತೀನಿ" ಅಂದ.

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಕೂರಲಿಕ್ಕೆ ಆಗಲಿಲ್ಲ.

ನಾನು ಮಾಡಿ ಬಂದ ಕೆಲಸ ಇಷ್ಟೇ. ಮಂಚದ ಮೇಲೆ ಮಲಗಿದ್ದ ಒಬ್ಬ ಮನುಷ್ಯನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದೆ.

ನಮ್ಮ ಕಡೆಯ ಹಿರಿಯರ ಕೈಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಂತವರಿಗೆ ನಮಸ್ಕಾರ ಮಾಡಬಹುದು, ಕೂತವರಿಗೆ ಮಾಡಬಹುದು, ಮಲಗಿದವರಿಗೆ ಮಾತ್ರ ಕೂಡದು. ಮಲಗಿದವರ ಕಾಲು ಮುಟ್ಟುವ ಹೊತ್ತು ಒಂದೇ ಒಂದು. ಅವರನ್ನು ಎತ್ತಿಕೊಂಡು ಹೊರಡುವ ಮುಂಚಿನ ಹೊತ್ತು ಅದು. ಸಣ್ಣವನಿದ್ದಾಗ ನಾನು ಪರೀಕ್ಷೆಗೆ ಹೊರಟು, ಚಾಪೆಯ ಮೇಲೆ ಅಡ್ಡಾಗಿದ್ದ ಅಜ್ಜಿಯ ಕಾಲಿಗೆ ಕೈ ಹಾಕಿದ್ದೆ. ಅಜ್ಜಿ ಬೆಂಕಿ ತಾಗಿದ ಹಾಗೆ ಕಾಲು ಎಳೆದುಕೊಂಡರು. "ತಡಿಯಾ, ನಾ ಇನ್ನೂ ಹೋಗಿಲ್ಲ ಮಾರಾಯ! ಎದ್ದು ಕೂತ್ಕಳೋಕಾದ್ರೂ ಬಿಡು" ಅಂದು, ಎದ್ದು, ಸೆರಗು ಸರಿಮಾಡಿಕೊಂಡು, ಕಾಲು ನೀಡಿ ಕೂತು, "ಹ್ಞಾ, ಈಗ ಮಾಡು" ಅಂದಿದ್ದರು. ಅಷ್ಟು ಚೆನ್ನಾಗಿ ಕಲಿಸಿದ ಪಾಠ. ಐವತ್ತು ವರ್ಷ ಮರೆಯದೆ ಇದ್ದದ್ದು ಆ ಒಂದು ಮಧ್ಯಾಹ್ನ ಎಲ್ಲಿ ಹೋಗಿತ್ತೋ.

ಮಲಗಿದ್ದವರು ಯಾರು ಅಂತ ಹೇಳಬೇಕು. ಶೃಂಗೇರಿಯಿಂದ ಕೊಪ್ಪದ ಮೇಲೆ ಎನ್.ಆರ್.ಪುರಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ನಾನು ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದೆ. ಅಷ್ಟೂ ವರ್ಷ ಸ್ಟೇರಿಂಗ್ ಹಿಡಿದವರು ಅವರೊಬ್ಬರೇ. ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ನಾನು ಅಣ್ಣ ಅಂತಿದ್ದೆ. ಅವರು ನನ್ನನ್ನು ಮಾರಾಯ ಅಂತಿದ್ದರು, ಸಿಟ್ಟು ಬಂದರೆ ಅನಿಷ್ಟ ಅಂತಿದ್ದರು. ನನ್ನ ಮನೆ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ, ಅವರದು ಎನ್.ಆರ್.ಪುರದಲ್ಲಿ, ಬಸ್ಸು ತಿರುಗುವ ರಸ್ತೆಯ ಬದಿಗೇ. ಹೀಗೆ ದಾರಿಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು.

ನಮಸ್ಕಾರದ ವಿಷಯದಲ್ಲಿ ಅಜ್ಜಿಯ ನಂತರ ನನಗೆ ಮೇಷ್ಟ್ರು ಅಂದರೆ ಅವರೇ. ಬೆಳಿಗ್ಗೆ ಬಸ್ಸು ಹತ್ತುವಾಗ ಚಪ್ಪಲಿ ಬಿಟ್ಟು ಸೀಟಿನ ಹಿಂದೆ ಇಡುವರು. ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವರು. ಆಮೇಲೆ ಸಂಜೆಯ ತನಕ ಬರಿಗಾಲಲ್ಲೇ ಓಡಿಸುವರು. ಕಾರಣ ಕೇಳಿದರೆ, "ಐವತ್ತು ಜನರ ಜೀವ ಇರೋ ಜಾಗ ಮಾರಾಯ, ಚಪ್ಪಲಿ ಹಾಕ್ಕಂಡು ತುಳಿಯಕ್ಕಾಗುತ್ತಾ?" ಅನ್ನುವರು.

ದಾರಿಯ ನಮಸ್ಕಾರಗಳಿಗೆ ಅವರದೇ ಒಂದು ಲೆಕ್ಕವಿತ್ತು. ಎದುರಿಗೆ ಬಸ್ಸು ಬಂದರೆ ಹೆಬ್ಬೆರಳು ಸ್ಟೇರಿಂಗಿನ ಮೇಲೇ ಇರಬೇಕು, ಉಳಿದ ನಾಲ್ಕು ಬೆರಳು ಮೇಲೇಳಬೇಕು. ಲಾರಿಗೆ ಒಂದೇ ಬೆರಳು ಸಾಕು. ತುಂಬಾ ಬೇಕಾದವರು ಕಂಡರೆ ಇಡೀ ಕೈ ಕಿಟಕಿಯಿಂದ ಹೊರಗೆ. ಪ್ರವಾಸಕ್ಕೆ ಬಂದ ಕಾರಿನವರಿಗೆ ಏನೂ ಇಲ್ಲ, "ಅವ್ರಿಗೆ ಅರ್ಥ ಆಗಲ್ಲ, ದಾರಿ ಕೇಳ್ತಿದಾನೆ ಅಂದ್ಕಂಡು ಗಾಡಿ ನಿಲ್ಲಿಸ್ತಾರೆ." ಎರಡೂ ಕೈಯನ್ನು ಸ್ಟೇರಿಂಗಿನಿಂದ ತೆಗೆದು ಜೋಡಿಸಿ ಮುಗಿದದ್ದನ್ನು ನಾನು ನೋಡಿದ್ದು ಹೆಣ ಎದುರಾದಾಗ ಮಾತ್ರ. ಆಗ ಬಸ್ಸನ್ನು ಪೂರ್ತಿ ಬದಿಗೆ ಹಾಕಿ, ಇಂಜಿನ್ ಬಂದು ಮಾಡಿ, ಎರಡೂ ಕೈ ಜೋಡಿಸಿ, ಹೆಣ ಹೊತ್ತವರು ದಾಟಿ ಹೋಗುವ ತನಕ ಹಾಗೇ ಕೂರುವರು. ಬಸ್ಸಿನವರಲ್ಲಿ ಯಾರಾದರೂ ಲೇಟಾಯಿತು ಅಂದರೆ ತಿರುಗಿ ನೋಡುವರು. ಆ ನೋಟಕ್ಕೆ ಮತ್ತೆ ಎರಡನೇ ಮಾತು ಬರುತ್ತಿರಲಿಲ್ಲ.

ನಾನು ಬಾಗಿಲಲ್ಲಿ ನಿಂತು ಬೇರೆಯದನ್ನು ಕಲಿತೆ. ದೂರದಿಂದಲೇ ಎದೆಯ ಹತ್ತಿರ ಕೈ ಮುಗಿದುಕೊಂಡು ನಿಂತವರು ಸ್ಟಾಪ್ ಇಲ್ಲದ ಕಡೆ ಬಸ್ಸು ನಿಲ್ಲಿಸುವುದಕ್ಕೆ ಕಾದವರು. "ನಮಸ್ಕಾರಾ ಕಂಡಕ್ಟರೇ" ಅಂತ ದೊಡ್ಡ ದನಿ ತೆಗೆದವರ ಹಿಂದೆ ಖಂಡಿತ ಮೂರು ಗೊಬ್ಬರದ ಚೀಲ ಇರುತ್ತದೆ. ಭಂಡಿಗಡಿಯ ಹತ್ತಿರ ಹತ್ತುತ್ತಿದ್ದ ಒಬ್ಬ ಮುದುಕಿ ನಮಗೆ ಯಾರಿಗೂ ಕೈ ಮುಗಿಯುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಮುಟ್ಟಿ ಹಣೆಗೆ ಒತ್ತಿಕೊಂಡೇ ಹತ್ತುವಳು. ಅಣ್ಣ ಅವಳಿಗಾಗಿ ಬಸ್ಸನ್ನು ಸ್ವಲ್ಪ ಎಡಕ್ಕೆ, ಎತ್ತರದ ನೆಲಕ್ಕೆ ಒತ್ತಿ ನಿಲ್ಲಿಸುವರು. ಹೇಳಿದವರಿಲ್ಲ, ಕೇಳಿದವರಿಲ್ಲ. ಅವಳ ನಮಸ್ಕಾರಕ್ಕೆ ಅದು ಉತ್ತರ ಅಂತ ನನಗೆ ಹೊಳೆಯಲು ವರ್ಷಗಳೇ ಬೇಕಾದವು.

ಇಷ್ಟೆಲ್ಲ ಇದ್ದರೂ ನಮ್ಮಿಬ್ಬರ ನಡುವೆ ನಮಸ್ಕಾರ ಅನ್ನುವುದೇ ಇರಲಿಲ್ಲ. ಬೆಳಿಗ್ಗೆ ನಾನು "ರೈಟ್" ಅಂದರೆ ಬಸ್ಸು ಹೊರಡುತ್ತಿತ್ತು. ಸಂಜೆ ಅವರು ಇಂಜಿನ್ ಬಂದು ಮಾಡಿದರೆ ದಿನ ಮುಗಿಯುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ನಾನು ಅವರಿಗೆ ಕೈ ಮುಗಿದವನಲ್ಲ.

ಈ ವರ್ಷ ಮಳೆಗಾಲ ಕಳೆದ ಮೇಲೆ ಅಣ್ಣ ಬಚ್ಚಲಿನಲ್ಲಿ ಜಾರಿ ಬಿದ್ದರು. ಎಡ ತೊಡೆಯ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಗಿ, ರಾಡು ಹಾಕಿ, ಮನೆಗೆ ಕರೆತಂದರು. ಅವರ ಹೆಂಡತಿ ತೀರಿಹೋಗಿ ತುಂಬಾ ವರ್ಷವಾಯಿತು. ಮಗಳು ಅಳಿಯ ಅದೇ ಮನೆಯಲ್ಲಿದ್ದಾರೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ಡಾಕ್ಟರು ಹೇಳಿದ್ದು ಒಂದೇ ಮಾತು. ದಿನಾ ಎದ್ದು ಕೂರಬೇಕು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಬೇಕು. ಮಲಗಿದರೆ ಮಲಗಿದ್ದೇ ಆಗುತ್ತದೆ.

ಮನೆಗೆ ಬಂದ ಮೂರನೆಯ ದಿನ ನಾನು ನೋಡಲು ಹೋದೆ. ಚೆನ್ನಾಗಿಯೇ ಮಾತಾಡಿದರು. ಆಸ್ಪತ್ರೆಯ ಆಂಬುಲೆನ್ಸಿನವನಿಗೆ ಗೇರ್ ಹಾಕಲು ಬರುವುದಿಲ್ಲ ಅಂತ ಬೈದರು. ಬೆಳಿಗ್ಗೆ ಒಂದು ಗಳಿಗೆ ಕೂತಿದ್ದರಂತೆ, ಸುಸ್ತಾಗಿ ಮಲಗಿದ್ದರು. ನಾನು ಹೊರಡಲು ಎದ್ದಾಗ ಅವರ ಬಲಗಾಲು ಹೊದಿಕೆಯಿಂದ ಹೊರಗೆ ಬಂದಿತ್ತು. ಅಂಗಾಲು ನನ್ನ ಕಡೆಗೇ ಇತ್ತು. ಬೆರಳುಗಳ ಬುಡದಲ್ಲಿ ಬ್ರೇಕು ಒತ್ತಿ ಒತ್ತಿ ಜಡ್ಡುಗಟ್ಟಿದ ಚರ್ಮ, ಹಳೇ ಎತ್ತಿನ ಗೊರಸಿನ ಹಾಗೆ. ಅಷ್ಟು ವರ್ಷ ಜೊತೆಗಿದ್ದೂ ಆ ಅಂಗಾಲನ್ನು ನಾನು ಕಂಡಿರಲಿಲ್ಲ. ಅದು ಯಾವಾಗಲೂ ಪೆಡಲಿನ ಮೇಲೆ ಇತ್ತಲ್ಲ. ಮಂಜಿನಲ್ಲಿ, ಇಳಿಜಾರಿನಲ್ಲಿ, ಅಡ್ಡ ಬಂದ ದನದ ಮುಂದೆ, ನನ್ನನ್ನು ನಿತ್ಯ ಮನೆ ಮುಟ್ಟಿಸಿದ್ದು ಇದೇ ಕಾಲು ಅನ್ನಿಸಿತು. ಅನ್ನಿಸಿದ್ದಷ್ಟೇ ಗೊತ್ತು. ಬಗ್ಗಿ, ಎರಡೂ ಕೈಯಲ್ಲಿ ಮುಟ್ಟಿ, ಕಣ್ಣಿಗೆ ಒತ್ತಿಕೊಂಡಿದ್ದೆ.

ತಲೆ ಎತ್ತಿದಾಗ ಅಣ್ಣ ನನ್ನನ್ನೇ ನೋಡುತ್ತಿದ್ದರು. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

"ಓಹೋ. ನಿಂಗೂ ಗೊತ್ತಾತಾ?"

"ಎಂತದಣ್ಣ?"

"ಡಾಕ್ಟ್ರು ನಿನ್ನ ಹತ್ರ ಎಂತ ಹೇಳಿದ್ರು?"

"ಅಯ್ಯೋ, ಡಾಕ್ಟ್ರನ್ನ ನಾನು ನೋಡೇ ಇಲ್ಲ."

"ಆತು, ಆತು. ಬಸ್ಸು ಬರೋ ಹೊತ್ತಾತು, ಹೋಗು" ಅಂದು ಗೋಡೆಯ ಕಡೆಗೆ ಮುಖ ತಿರುಗಿಸಿದರು.

ನಾನು ಮಾಡಿದ್ದೇನು ಅಂತ ಆಗ ಹೊಳೆಯಿತು. ಮನೆಯವರು ಮುಚ್ಚಿಟ್ಟದ್ದು ಏನೋ ಇದೆ, ಇವನಿಗೆ ತಿಳಿದಿದೆ, ಅದಕ್ಕೇ ಕೊನೆಯ ನಮಸ್ಕಾರ ಮಾಡಿ ಹೊರಟ ಅಂತ ಅವರು ತಿಳಿದರು. ಬಾಯಲ್ಲಿ ಆಡಿದ ಮಾತಾದರೆ ಇಲ್ಲ, ತಪ್ಪಾಯಿತು, ತಮಾಷೆಗೆ ಅಂದೆ ಅಂತ ಹೇಳಬಹುದು. ನಮಸ್ಕಾರವನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹೂವು ಕಟ್ಟುತ್ತಿದ್ದಳು. ಕೈ ನಿಂತಿತು.

"ಮಲಗಿದೋರಿಗಾ?"

"ಹ್ಞೂಂ."

"ಕೈಯಷ್ಟೇ ಮುಗಿದ್ರೋ, ಕಾಲು ಮುಟ್ಟಿದ್ರೋ?"

"ಮುಟ್ಟಿದೆ. ಕಣ್ಣಿಗೂ ಒತ್ಕಂಡೆ."

"ಒಂದು ಹಾರಾನೂ ಹಾಕಿ ಬರಬೇಕಿತ್ತು" ಅಂದಳು. ಆಮೇಲೆ ನನ್ನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. "ಬಿಡಿ, ಅಣ್ಣ ಅದನ್ನೆಲ್ಲ ಮನಸ್ಸಿಗೆ ಹಚ್ಕಳೋರಲ್ಲ" ಅಂದಳು. ಹಚ್ಚಿಕೊಳ್ಳುವವರೇ ಅಂತ ಇಬ್ಬರಿಗೂ ಗೊತ್ತಿತ್ತು. ಚಕ್ರಕ್ಕೆ ನಿಂಬೆಹಣ್ಣು ಇಡದೆ ಬಸ್ಸು ತೆಗೆಯದ ಮನುಷ್ಯ ಅವರು.

ಮುಂದಿನ ಮೂರು ದಿನ ನಾನು ಮನೆಯಲ್ಲಿ ಒಂದು ಕಡೆ ಕೂತವನಲ್ಲ. ತೋಟಕ್ಕೆ ಹೋಗುವುದು, ಅರ್ಧ ದಾರಿಯಿಂದ ತಿರುಗುವುದು. ಕಾಫಿ ಮಾಡಿಸಿ ಕುಡಿಯದೆ ಬಿಡುವುದು. ಒಂದು ಸಲ ಮೊಬೈಲು ತೆಗೆದು ಅಣ್ಣನಿಗೆ ಹೇಗಿದ್ದೀರಿ ಅಂತ ಬರೆದು, ರೂಢಿಯಲ್ಲಿ ಆ ಕೈ ಮುಗಿದ ಚಿತ್ರವನ್ನೂ ಒತ್ತಿದೆ. ಕಳಿಸುವ ಮುಂಚೆ ನೆನಪಾಯಿತು. ಇದೂ ಮಲಗಿದವರಿಗೇ ಹೋಗಿ ಮುಟ್ಟುವುದಲ್ಲವಾ! ಅಳಿಸಿ ಹಾಕಿದೆ. ಬೆಳಗಾದರೆ ನೂರು ಜನ ನನಗೆ ಅದೇ ಚಿತ್ರ ಕಳಿಸುತ್ತಾರೆ, ನಾನೂ ಕಳಿಸುತ್ತೇನೆ. ಅದಕ್ಕೆ ಅರ್ಥ ಇದೆ ಅಂತ ಆವತ್ತೇ ಗೊತ್ತಾದದ್ದು.

ನಾಲ್ಕನೆಯ ದಿನ ಅಣ್ಣನ ಮಗಳ ಫೋನು ಬಂತು.

"ಚಿಕ್ಕಪ್ಪ, ಆವತ್ತು ಎಂತಾತು? ನೀವು ಬಂದು ಹೋದ ಮೇಲೆ ಅಪ್ಪ ಏಳ್ತಾನೇ ಇಲ್ಲ. ವಾಕರ್ ಮುಟ್ಟಲ್ಲ. ಕೂರ್ಸೋಕೆ ಹೋದ್ರೆ, 'ನನ್ನ ಎಬ್ಬಿಸಿ ಎಂತ ಮಾಡ್ತೀರಿ, ಅಂವ ಕಾಲಿಗೆ ಬಿದ್ದು ಹೋದ್ನಲ್ಲ' ಅಂತಾರೆ. ಬೆನ್ನಲ್ಲಿ ಕೆಂಪಗಾಗ್ತಾ ಇದೆ ಚಿಕ್ಕಪ್ಪ. ಹಿಂಗೇ ಮಲಗಿದ್ರೆ ಇನ್ನು ಏಳಕ್ಕೇ ಆಗಲ್ಲ ಅಂದಿದಾರೆ ಡಾಕ್ಟ್ರು."

"ನಾಳೆ ಬರ್ತೀನಿ" ಅಂದೆ. ಬಂದು ಏನು ಮಾಡುವುದು ಅಂತ ಗೊತ್ತಿರಲಿಲ್ಲ.

ಮಾರನೆಯ ದಿನ ಕೊಪ್ಪದಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಹಣ್ಣಿನ ಅಂಗಡಿಯ ಸಾಬರು ನಮ್ಮಿಬ್ಬರಿಗೂ ಹಳಬರು. ಅವರು ನನಗೆ ನಮಸ್ಕಾರ ಅನ್ನುವುದು, ನಾನು ಅವರಿಗೆ ಸಲಾಂ ಅನ್ನುವುದು, ಮೊದಲಿಂದ ನಡೆದು ಬಂದ ತಮಾಷೆ. ಆ ದಿನ ಅವರು ನಮಸ್ಕಾರ ಅಂದರೂ ನಾನು ಸುಮ್ಮನೆ ಮೂಸಂಬಿ ಆರಿಸುತ್ತಿದ್ದೆ. ಒಂದನ್ನು ಎತ್ತುವುದು, ಇಡುವುದು, ಮತ್ತೆ ಅದನ್ನೇ ಎತ್ತುವುದು.

"ಎಂತ ಮಾರಾಯ್ರೇ, ಹಣ್ಣು ತಗತೀರೋ, ಅದಕ್ಕೆ ಕಾಗುಣಿತ ಕಲಿಸ್ತೀರೋ?"

ಹೇಳಿದೆ. ಅವರು ನಗಲಿಲ್ಲ. ಬಲಗೈಯನ್ನು ಎದೆಗೆ ಇಟ್ಟುಕೊಂಡು ಕೇಳಿದರು.

"ಅವ್ರು ವಾಪಸು ಎಂತ ಹೇಳಿದ್ರು?"

"ಹೋಗು ಅಂದ್ರು."

"ಅದಲ್ಲ. ನಮಸ್ಕಾರಕ್ಕೆ ಎಂತ ಹೇಳಿದ್ರು?"

"ಏನೂ ಹೇಳ್ಲಿಲ್ಲ."

"ಹಂಗಾದ್ರೆ ಅದು ಮುಗಿದೇ ಇಲ್ಲ" ಅಂದರು ಸಾಬರು. "ನಮ್ಮಲ್ಲಿ ಸಲಾಂ ಹೇಳಿದ್ರೆ ಉತ್ತರ ಕೊಡ್ಲೇಬೇಕು. ಕಾಯಿಲೆ ಬಿದ್ದೋರೂ ಕೊಡ್ತಾರೆ. ಹೇಳಿದ್ದು ಒಬ್ರು, ಮುಗಿಸೋದು ಇನ್ನೊಬ್ರು. ನೀವು ಹೋಗಿ ಸರಿಯಾಗಿ ಮಾಡಿ, ಉತ್ತರ ಈಸ್ಕಂಡೇ ಬನ್ನಿ. ಅಲ್ಲೀ ತನಕ ನಿಮ್ಗೂ ನಿದ್ದೆ ಇಲ್ಲ, ಅವ್ರಿಗೂ ಇಲ್ಲ." ಹೇಳುತ್ತ ಹೇಳುತ್ತ ಮೂಸಂಬಿಯನ್ನು ಅವರೇ ಆರಿಸಿ ಚೀಲಕ್ಕೆ ಹಾಕಿದರು.

ಎನ್.ಆರ್.ಪುರದ ಬಸ್ಸಿನಲ್ಲಿ ಅದನ್ನೇ ನೆನೆಸಿಕೊಂಡು ಹೋದೆ. ಸರಿಯಾಗಿ ಮಾಡಬೇಕು ಅಂದರೆ ಅವರು ಕೂತಿರಬೇಕು. ಅವರು ಕೂರದೆ ಇರುವುದೇ ನಾನು ಮಾಡಿದ್ದರಿಂದ. ಎದುರಿನಿಂದ ಬಂದ ಬಸ್ಸಿಗೆ ನಮ್ಮ ಡ್ರೈವರು ನಾಲ್ಕು ಬೆರಳು ಎತ್ತಿದ. ನನ್ನ ಬೆರಳೂ ಚೀಲದ ಹಿಡಿಯ ಮೇಲೆ ತಾನಾಗಿ ಎದ್ದವು.

ಅಣ್ಣ ಗೋಡೆಯ ಕಡೆಗೇ ಇದ್ದರು. ಗಡ್ಡ ಬೆಳೆದಿತ್ತು. ಮಂಚದ ಪಕ್ಕ ವಾಕರ್ ನಿಂತಿತ್ತು, ಅದರ ಮೇಲೆ ಟವೆಲು ಒಣಗಲು ಹಾಕಿದ್ದರು.

"ಬಂದ್ಯಾ? ಇನ್ನು ಎಂತ ಉಳಿದಿತ್ತು?"

"ಅಣ್ಣ, ದೇವರಾಣೆ, ನಂಗೆ ಯಾರೂ ಎಂತದೂ ಹೇಳಿಲ್ಲ. ನಿಮ್ಗೆ ಮೂಳೆ ಮುರಿದದ್ದು ಬಿಟ್ರೆ ಬೇರೆ ಎಂತದೂ ಇಲ್ಲ."

"ಹಂಗಾದ್ರೆ ಕಾಲಿಗೆ ಎಂತಕ್ಕೆ ಬಿದ್ದೆ? ಇಪ್ಪತ್ತೆರಡು ವರ್ಷ ಬೀಳದೋನು?"

ಅಂಗಾಲಿನ ವಿಷಯ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಗಂಡಸಿಗೆ ಗಂಡಸು, ನಿಮ್ಮ ಕಾಲಿನ ಜಡ್ಡು ನೋಡಿ ಕರುಳು ಚುರ್ ಅಂತು ಅಂತ ಹೇಗೆ ಹೇಳುವುದು?

"ಹಂಗೇ" ಅಂದೆ.

"ಹಂಗೇ ಯಾರೂ ಯಾರ ಕಾಲಿಗೂ ಬೀಳಲ್ಲ. ನಂಗೆ ಬುದ್ಧಿ ಇಲ್ವಾ?"

"ಎದ್ದು ಕೂತ್ಕಳಿ. ಸರಿಯಾಗಿ ಮಾಡ್ತೀನಿ."

"ಆಗಲ್ಲ."

"ಐದು ನಿಮಿಷ."

"ಆಗಲ್ಲ ಅಂದೆ. ಹಣ್ಣು ಅಲ್ಲಿಟ್ಟು ಹೋಗು."

ಮಗಳು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಬೇಡಿಕೊಂಡರೆ ಏಳುವ ಜನ ಅಲ್ಲ ಇದು ಅಂತ ನನಗೆ ಗೊತ್ತಿತ್ತು. ಇವರು ಸೀಟಿನಿಂದ ಎದ್ದು ಬಂದದ್ದನ್ನು ನಾನು ನೋಡಿದ್ದೆಲ್ಲ ಸಿಟ್ಟಿನಲ್ಲೇ. ನನ್ನ ಮೈಯೊಳಗಿನ ಚಡಪಡಿಕೆಯೇ ನನ್ನನ್ನು ನೂಕಿತೋ ಏನೋ.

"ಸರಿ ಹಂಗಾದ್ರೆ. ಕೂರಕ್ಕಾಗಲ್ಲ ಅಂದ್ರೆ ಬೇಡ. ಮಲಗಿದ ಹಂಗೇ ಇನ್ನೊಂದು ಮಾಡಿ ಹೋಗ್ತೀನಿ" ಅಂದು ಎರಡೂ ಕೈ ಜೋಡಿಸಿಕೊಂಡು ಮಂಚದ ಕಾಲ ಬುಡಕ್ಕೆ ನಡೆದೆ.

"ಏಯ್!"

ನಾನು ನಿಲ್ಲಲಿಲ್ಲ.

"ಏಯ್ ಅನಿಷ್ಟ! ಮುಟ್ಟಿದ್ರೆ ನೋಡು! ಬಿಡಾ!"

ಅಜ್ಜಿಯ ಹಾಗೆ ಕಾಲು ಎಳೆದುಕೊಳ್ಳೋಣ ಅಂದರೆ, ಬಲಗಾಲು ಎಳೆದರೂ ಆಪರೇಷನ್ ಆದ ಎಡಗಾಲು ಉಳಿಯುತ್ತದೆ. ಅದನ್ನು ಎಳೆಯಲು ಆಗುವುದಿಲ್ಲ. ಉಳಿದಿದ್ದು ಒಂದೇ ದಾರಿ. ಮೊಣಕೈ ಊರಿದರು. ಕತ್ತಿನ ನರ ಉಬ್ಬಿತು.

"ಕೂಸೇ, ಹಿಡಿ ನನ್ನ! ಈ ಮಾರಾಯ ಮುಟ್ಟೋ ಮುಂಚೆ ಹಿಡಿ!"

ಮಗಳು ಓಡಿ ಬಂದು ಬೆನ್ನಿಗೆ ಕೈ ಕೊಟ್ಟಳು. ದಿಂಬು ಇಟ್ಟಳು. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ನಿಧಾನ ಕೆಳಗೆ ಇಳಿಬಿಟ್ಟಳು. ಅಣ್ಣ ಬಲಗೈಯಲ್ಲಿ ಮಂಚದ ಅಂಚು ಬಿಗಿಯಾಗಿ ಹಿಡಿದು, ಬೆವರುತ್ತ, ಏದುಸಿರು ಬಿಡುತ್ತ, ನನ್ನನ್ನು ಸುಟ್ಟುಬಿಡುವ ಹಾಗೆ ನೋಡುತ್ತ ಕೂತಿದ್ದರು. ಕೂತಿದ್ದರು ಅನ್ನುವುದೇ ಮುಖ್ಯ.

ನಾನು ನೆಲಕ್ಕೆ ಮಂಡಿ ಊರಿ, ಆ ಬಲಗಾಲಿಗೆ ಹಣೆ ಮುಟ್ಟಿಸಿದೆ. ಏಳಲಿಲ್ಲ. ಉತ್ತರ ಈಸಿಕೊಂಡೇ ಬನ್ನಿ ಅಂದಿದ್ದರಲ್ಲ ಸಾಬರು.

"ಏಳು."

"ಎಂತಾದ್ರೂ ಹೇಳಿ ಮೊದ್ಲು."

"ಎಂತ ಹೇಳ್ಬೇಕು? ಆಶೀರ್ವಾದ ಗೀಶೀರ್ವಾದ ನಂಗೆ ಬರಲ್ಲ."

"ಬಾಯಿಗೆ ಬಂದಿದ್ದು ಹೇಳಿ."

"ಬಾಯಿಗೆ ಬಂದಿದ್ದು ಹೇಳಿದ್ರೆ ಮಗಳು ಕೇಳೋ ಹಂಗಿರಲ್ಲ."

ಮಗಳು ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ ನನ್ನ ತಲೆಯ ಮೇಲೆ ಒಂದು ಕೈ ಬಿತ್ತು. ಎಡಗೈ. ಬಲಗೈ ಮಂಚ ಬಿಟ್ಟರೆ ಬೀಳುತ್ತಿದ್ದರು.

"ಏಳಾ ಸಾಕು. ನಿಂಗೂ ಮಂಡಿ ನೋವಿದೆ" ಅಂದರು.

ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಆಶೀರ್ವಾದ ಬೇಕಾಗಿರಲಿಲ್ಲ.

ಹತ್ತು ನಿಮಿಷ ಕೂತರು. ಅರ್ಧ ಮೂಸಂಬಿ ತಿಂದರು. ಸಿಪ್ಪೆ ದಪ್ಪ ಅಂತ ಸಾಬರನ್ನು ಬೈದರು. ಮತ್ತೆ ಮಲಗಿದರು. ಪವಾಡ ಏನೂ ಆಗಲಿಲ್ಲ. ವಾಕರಿನ ಮೇಲೆ ಟವೆಲು ಹಾಗೇ ಇತ್ತು. ಇವತ್ತು ಕೂತರು, ನಾಳೆ? ಅನ್ನುವ ಹುಳ ನನ್ನ ತಲೆಯಲ್ಲಿ ಆಗಲೇ ಕೊರೆಯುತ್ತಿತ್ತು.

ಹೊರಡುವಾಗ ಕೇಳಿದರು. "ಇನ್ನು ಯಾವತ್ತು ಬರ್ತಿ?"

ಸೋಮವಾರ ಅಂತ ಬಾಯಿಗೆ ಬಂದಿತ್ತು. ನುಂಗಿಕೊಂಡೆ.

"ಹೇಳಕ್ಕಾಗಲ್ಲ ಅಣ್ಣ. ಯಾವತ್ತಾದ್ರೂ ಬರ್ತೀನಿ."

"ಬರೋ ಮುಂಚೆ ಒಂದು ಫೋನ್ ಮಾಡು."

"ಮಾಡಲ್ಲ."

ಅವರು ನನ್ನನ್ನೇ ನೋಡಿದರು. "ಬಂದಾಗ ನೀವು ಮಲಗಿದ್ರೆ ಗೊತ್ತಲ್ಲ" ಅಂತ ಕೈ ಜೋಡಿಸಿ ತೋರಿಸಿದೆ.

"ಹೋಗಾ ಆಚೆಗೆ!" ಅಂದರು. ಆ ಬೈಗುಳ ನಮ್ಮ ಹಳೇ ಬಸ್ಸಿನದು. ಕೇಳಿ ಎಷ್ಟೋ ದಿನವಾಗಿತ್ತು.

ಈಗ ಮಗಳು ಫೋನು ಮಾಡಿದರೆ ನಗುತ್ತಲೇ ಶುರುಮಾಡುತ್ತಾಳೆ. ತಿರುವಿನಲ್ಲಿ ಕೊಪ್ಪದ ಬಸ್ಸಿನ ಹಾರನ್ ಕೇಳಿದರೆ ಸಾಕಂತೆ, "ಎಬ್ಬಿಸು, ಎಬ್ಬಿಸು, ಅಂವ ಬಂದ್ನೋ ಏನೋ" ಅಂತ ಒಂದೇ ಸಮ ಗಲಾಟೆಯಂತೆ. ಬಸ್ಸು ಹೋದ ಮೇಲೂ, ನಾನು ಅಲ್ಲೆಲ್ಲೋ ಕಾಫಿ ಕುಡಿದು ನಿಧಾನ ಬರಬಹುದು ಅಂತ ಅರ್ಧ ಗಂಟೆ ಕೂತೇ ಇರುತ್ತಾರಂತೆ. ಬೆಳಗಿನಿಂದ ಸಂಜೆಯ ತನಕ ಆ ದಾರಿಯಲ್ಲಿ ಬಸ್ಸಿಗೇನು ಕಡಿಮೆ? ಹೋದ ವಾರ ನಾನು ಇಳಿದಾಗ ಜಗಲಿಯ ಕುರ್ಚಿಯಲ್ಲಿದ್ದರು. ಮುಂದೆ ವಾಕರ್, ಅದರ ಮೇಲೆ ಎರಡೂ ಕೈ, ಸ್ಟೇರಿಂಗ್ ಹಿಡಿದ ಹಾಗೆ. ನನ್ನನ್ನು ಕಂಡು ಹೆಬ್ಬೆರಳು ಎತ್ತದೆ ನಾಲ್ಕು ಬೆರಳು ಎತ್ತಿದರು. ಹತ್ತಿರ ಹೋದ ಕೂಡಲೇ, "ನಾನು ಕೂತಿದೀನಿ, ನೋಡ್ಕ. ಕಾಲ ಹತ್ರ ಬರಬೇಡ" ಅಂದರು.

ನನಗೆ ಮಾತ್ರ ನೆಮ್ಮದಿ ಇಲ್ಲ. ಬೆಳಿಗ್ಗೆ ಎದ್ದರೆ ಇವತ್ತು ಹೋಗುವುದೋ ಬೇಡವೋ ಅಂತ ಶುರುವಾಗುತ್ತದೆ. ದಿನಾ ಹೋದರೆ ಅವರಿಗೆ ರೂಢಿಯಾಗುತ್ತದೆ, ತುಂಬಾ ದಿನ ಬಿಟ್ಟರೆ ಮಲಗಿಯೇ ಇರಲು ಧೈರ್ಯ ಬರುತ್ತದೆ. ಎರಡೂ ಆಗಬಾರದು. ಈ ವಾರ ಎರಡು ಸಲ ಹೋಗಿ ಬಂದಿದ್ದೇನೆ. ಮತ್ತೆ ಯಾವತ್ತು ಅಂತ ಇಲ್ಲಿ ಬರೆಯುವುದಿಲ್ಲ. ಮಗಳು ಓದುವವಳು, ಅಪ್ಪನಿಗೆ ಹೇಳಿಬಿಟ್ಟರೆ ಕಷ್ಟ.